ಉಗ್ರಾಣ ಅಂದರೆ ಬರೀ ಸ್ಟೋರ್ ರೂಮ್ ಅಲ್ಲ, ಮಗಳೇ

ಪ್ರೀತಿಯ ಮಗಳಿಗೆ,

"ಅಮ್ಮಾ, ಉಗ್ರಾಣ ಅಂದ್ರೆ ಸ್ಟೋರ್ ರೂಮ್ ತಾನೇ?" ಅಂತ ಫೋನಿನಲ್ಲಿ ಕೇಳಿದೆಯಲ್ಲ. ಸುಮ್ನೆ ಹೌದು ಅಂದುಬಿಡಲು ನನಗೆ ಮನಸ್ಸು ಬರಲಿಲ್ಲ.

ಸಾಮಾನು ತುಂಬಿಡುವ ಕೋಣೆ ಅನ್ನುವುದೇನೋ ನಿಜ. ಆದರೆ ಉಗ್ರಾಣಕ್ಕೆ ಲೆಕ್ಕ ಇರುತ್ತದೆ, ಲೆಕ್ಕ ಒಪ್ಪಿಸುವವರು ಇರುತ್ತಾರೆ. ಮದುವೆಮನೆ ನೆನಪು ಮಾಡಿಕೋ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯರೊಬ್ಬರು ಉಗ್ರಾಣದ ಬಾಗಿಲಲ್ಲೇ ಕೂತಿರುತ್ತಾರೆ. ಅಡುಗೆಭಟ್ಟರು ತುಪ್ಪ ಕೇಳಿದರೆ ಅಳೆದೇ ಕೊಡುತ್ತಾರೆ. ಇನ್ನೂ ಎಷ್ಟು ಪಂಕ್ತಿ ಬಾಕಿ ಇದೆ ಅನ್ನುವುದು ಅವರ ತಲೆಯಲ್ಲಿರುತ್ತದೆ. ಎಲ್ಲರೂ ನಂಬುವವರಿಗೆ ಮಾತ್ರ ಆ ಕೆಲಸ.

ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಬ್ರಹ್ಮಕಲಶೋತ್ಸವಕ್ಕೆ ಮೊದಲು 'ಉಗ್ರಾಣ ಮುಹೂರ್ತ' ಅಂತಲೇ ಮಾಡುತ್ತಾರೆ. ಊರವರು ಹೊರೆಕಾಣಿಕೆ ತಂದ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಎಲ್ಲ ಅಲ್ಲಿಗೇ ಸೇರುತ್ತದೆ. ದಿನಸಿ ಇಡುವ ಜಾಗಕ್ಕೂ ಮುಹೂರ್ತ ನೋಡುವುದು ನನಗಂತೂ ತುಂಬಾ ಇಷ್ಟ.

ಇದೇ ಕಡೆ ಕಂದಾಯ ಇಲಾಖೆಯ ಗ್ರಾಮ ಸಹಾಯಕನನ್ನು 'ಉಗ್ರಾಣಿ' ಅನ್ನುತ್ತಾರೆ. ಗೇಣಿ, ಕಂದಾಯವನ್ನೆಲ್ಲ ಧಾನ್ಯದಲ್ಲೇ ಅಳೆದು ಕೊಡುತ್ತಿದ್ದ ಕಾಲದ ನೆನಪು ಆ ಹೆಸರಿನಲ್ಲಿ ಉಳಿದಿದೆ ಅಂತ ನನ್ನ ಅನಿಸಿಕೆ. ಸರ್ಕಾರವೂ ಈ ಪದವನ್ನು ಬಿಟ್ಟಿಲ್ಲ. 1957ರಲ್ಲಿ ಶುರುವಾದ ಸಂಸ್ಥೆಗೆ ಇವತ್ತು ರಾಜ್ಯ ಉಗ್ರಾಣ ನಿಗಮ ಅಂತಲೇ ಹೆಸರು.

ತೆಲುಗಿನಲ್ಲಿ ಇದು ಉಗ್ರಾಣಮು, ತಮಿಳಿನಲ್ಲಿ ಉಕ್ಕಿರಾಣಂ. ಇನ್ನು ಗೋಡೌನ್? ಅದು ಇಂಗ್ಲಿಷ್ ಪದ ಅಂತ ತಾನೇ ನೀನು ಅಂದುಕೊಂಡಿರೋದು? ಮಲಯ್ ಭಾಷೆಯ 'ಗುಡಾಂಗ್' ಇಂಗ್ಲಿಷಿಗೆ ಹೋಗಿ ಗೋಡೌನ್ ಆಯಿತು. ಆ ಗುಡಾಂಗ್‌ನ ಬೇರು ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿಯ ಕಡೆಗೇ ಇದೆ ಅನ್ನುತ್ತಾರೆ ನಿಘಂಟು ಮಾಡಿದವರು. ನಮ್ಮ ಪಕ್ಕದ ಮನೆಯ ಪದವೇ ಹಡಗು ಹತ್ತಿ ಊರು ಸುತ್ತಿ ಬಂದಿದೆ!

ಬಯಲುಸೀಮೆಯ ಹಗೇವು ಮಾತ್ರ ಬೇರೆಯೇ. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವವೇ ಹೋಗುತ್ತಿತ್ತು. ಅದಕ್ಕೇ ಮೊದಲು ದೀಪ ಇಳಿಸಿ, ಅದು ಆರಲಿಲ್ಲ ಅಂದರೆ ಮಾತ್ರ ಆಳು ಇಳಿಯುತ್ತಿದ್ದ.

ನಿನ್ನ ಅತ್ತೆಯ ಊರು ಆ ಕಡೆಯದೇ ಅಲ್ವಾ? ಅವರ ಮನೆಯಲ್ಲಿ ಹಗೇವು ಇತ್ತಾ, ಕಾಳು ಇಡುವ ಕೋಣೆಗೆ ಏನು ಅನ್ನುತ್ತಿದ್ದರು, ಕೇಳಿ ಬರೆ.

ಇಂತಿ,
ಅಮ್ಮ