ಮುಧೋಳದ ಮರಿ ತಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮುಧೋಳ ತಳಿಯ ನಾಯಿಮರಿಯೊಂದನ್ನು ಮನೆಗೆ ತಂದಿರುವುದಾಗಿಯೂ, ಎತ್ತಿಕೊಂಡೊಡನೆ ಅದು ಮೈ ಬಿಗಿಹಿಡಿದು ಕೊಸರಾಡುವುದಾಗಿಯೂ ಬರೆದಿದ್ದೀಯೆ. ಅದಕ್ಕೆ ನಿನ್ನ ಮೇಲೇನೂ ಮುನಿಸಿಲ್ಲ, ಹಿಡಿದ ಬಗೆ ಹಿಡಿಸಿಲ್ಲ, ಅಷ್ಟೇ. ಓಟಕ್ಕೆ ಹೆಸರಾದ ಈ ತಳಿಯ ನಾಯಿಗಳು ಪರಿಚಯವಿಲ್ಲದವರ ಕೈ ಸೋಕಿದರೆ ಸರಿದು ನಿಲ್ಲುವುದೇ ಹೆಚ್ಚು. ತೆಳ್ಳನೆಯ ಮೈ ಬೇರೆ. ಬೆರಳು ನೇರವಾಗಿ ಪಕ್ಕೆಲುಬಿಗೇ ಒತ್ತುತ್ತದೆ. ಒಂದು ಅಂಗೈ ಎದೆಯಡಿಗೆ, ಇನ್ನೊಂದು ಹಿಂಭಾಗದಡಿಗೆ ಕೊಟ್ಟು, ನಿನ್ನ ಮೈಗೆ ಒರಗಿಸಿಕೊಂಡು ಎತ್ತು; ಅದು ಕೊಸರುವ ಮೊದಲೇ ನೆಲಕ್ಕಿಳಿಸು.

ನನ್ನ ನಾಯಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ನಿನಗೆ ಗೊತ್ತಿಲ್ಲ. ಉಣ್ಣಿ ತೆಗೆಯಲೆಂದು ಇಬ್ಬರು ಸೇರಿ ಅವನನ್ನು ನೆಲಕ್ಕೆ ಒತ್ತಿ ಹಿಡಿದೆವು. ಕೆಲಸವೇನೋ ಮುಗಿಯಿತು, ಆದರೆ ಅಂದಿನಿಂದ ಚಿಮಟ ಕಂಡರೆ ಸಾಕು, ಮಂಚದಡಿ ಸೇರುತ್ತಿದ್ದ. ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿದವು. ಭುಜವನ್ನು ಎರಡು ಮೂರು ಕ್ಷಣ ಸವರಿ ಕೈ ಹಿಂತೆಗೆಯುತ್ತಿದ್ದೆ. ಅವನು ಮತ್ತೆ ಹತ್ತಿರ ಬಂದರೆ ಮುಂದುವರಿಸುತ್ತಿದ್ದೆ. ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ, ನಿದ್ದೆಯಿಲ್ಲದೆಯೂ ಆಕಳಿಸಿದರೆ, ಕಣ್ಣಿನ ಬಿಳಿಭಾಗ ಕಂಡರೆ ಅದು ಇರುಸುಮುರುಸಿನ ಗುರುತೆಂದು ಅಲ್ಲಿಗೇ ಬಿಡುತ್ತಿದ್ದೆ. ಮುಟ್ಟಿದ ಮೇಲೆಯೇ ಬೇಯಿಸಿದ ಕೋಳಿಯ ಚೂರು, ಮೊದಲಲ್ಲ. ಮೊದಲೇ ತೋರಿಸಿದರೆ ತಿನಿಸೇ ಬಲೆಯೆಂದು ನಾಯಿ ಬೇಗ ಕಲಿತುಬಿಡುತ್ತದೆ. ಭುಜವಾದ ಮೇಲೆ ಕಿವಿ, ಕಿವಿಯಾದ ಮೇಲೆ ಪಾದ. ಉಗುರು ಕತ್ತರಿಸುವುದು ತೀರಾ ಕೊನೆಗೆ.

ನಿನ್ನ ಮರಿಗೆ ಎಂಟು ವಾರವೆಂದೆಯಲ್ಲ, ಆ ಮಟ್ಟಿಗೆ ನೀನು ಅದೃಷ್ಟವಂತ. ಸುಮಾರು 3ನೆಯ ವಾರದಿಂದ 14ನೆಯ ವಾರದವರೆಗೆ ಮರಿಗಳು ಹೊಸ ಸ್ಪರ್ಶವನ್ನು ಸಲೀಸಾಗಿ ಒಪ್ಪುತ್ತವೆ. ಲಸಿಕೆಗೆ ಕರೆದೊಯ್ಯುವ ಮುನ್ನ ಮನೆಯಲ್ಲೇ ಬಾಯಿ ತೆರೆದು ನೋಡುವುದನ್ನೂ ತೊಡೆಯ ಚರ್ಮವನ್ನು ಮೆಲ್ಲನೆ ಹಿಡಿಯುವುದನ್ನೂ ರೂಢಿ ಮಾಡಿಸು. ಗುರ್ರೆಂದರೆ ಗದರಬೇಡ, ಗದರಿಸಿ ಆ ದನಿಯನ್ನು ಅಡಗಿಸಿದರೆ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚೀತು. ಮುಟ್ಟಿಸಿಕೊಳ್ಳುತ್ತಿದ್ದ ಜಾಗವನ್ನು ಒಮ್ಮೆಲೇ ಮುಟ್ಟಗೊಡದಿದ್ದರೆ ಮಾತ್ರ ಹಟವೆಂದುಕೊಳ್ಳದೆ, ನೋವಿರಬಹುದೆಂದು ವೈದ್ಯರಿಗೆ ತೋರಿಸು.

ಈಗ ನನ್ನವನು ಚಿಮಟ ಕಂಡರೆ ಬಂದು ನನ್ನ ಮೊಣಕಾಲ ಮೇಲೆ ಗದ್ದವಿಡುತ್ತಾನೆ. ಗದ್ದ ಎತ್ತಿದರೆ ನಾನು ಕೈ ನಿಲ್ಲಿಸಬೇಕೆಂಬುದು ನಮ್ಮಿಬ್ಬರ ಒಪ್ಪಂದ. ನಿನ್ನೆ ನಾಲ್ಕು ಉಣ್ಣಿ ತೆಗೆಯುವಷ್ಟರಲ್ಲಿ ಎರಡು ಸಲ ಎದ್ದುಹೋಗಿ, ಎರಡು ಸಲವೂ ತಾನಾಗಿಯೇ ಮರಳಿದ. ಐದನೆಯದು ಇನ್ನೂ ಕಿವಿಯ ಬುಡದಲ್ಲಿದೆ; ಇಂದು ಸಂಜೆ ಕೇಳಿ ನೋಡಬೇಕು.

ಇಂತಿ ನಿನ್ನ ಗೆಳೆಯ