ಆರ್‌ವಿ ಸಾಗಣೆ: ಖಾಲಿ ವಾಪಸಾತಿಯ ಲೆಕ್ಕವನ್ನೂ ಹೇಳಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಸ್ವಂತ ಪಿಕಪ್ ಇಟ್ಟುಕೊಂಡು ಆರ್‌ವಿಗಳನ್ನು, ಅಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯಗಳೆಲ್ಲ ಇರುವ ಪ್ರವಾಸಿ ವಾಹನಗಳನ್ನು, ಕಾರ್ಖಾನೆಯಿಂದ ಡೀಲರುಗಳಿಗೆ ತಲುಪಿಸುತ್ತಾ ತಿಂಗಳಿಗೆ ಲಕ್ಷಗಟ್ಟಲೆ ಸಂಪಾದಿಸಬಹುದೆಂದು ಹೇಳುವ ವಿಡಿಯೊಗಳು ನಮ್ಮ ಯುವಕರ ಮೊಬೈಲುಗಳಲ್ಲೂ ಓಡಾಡುತ್ತಿವೆ. ಇದೇ ಕೆಲಸದಿಂದ ಸಂಸಾರ ನಡೆಸುತ್ತಿರುವ ನನಗೆ ಹಾಸನ, ಮಂಡ್ಯದ ಕಡೆಯಿಂದ ಈ ಬಗ್ಗೆ ವಿಚಾರಿಸುವ ಕರೆಗಳು ಬರುತ್ತಲೇ ಇರುತ್ತವೆ. ವಿಡಿಯೊಗಳಲ್ಲಿ ಕಾಣುವುದು ಮೈಲಿಗೆ ಇಷ್ಟು ಡಾಲರ್ ಎಂಬ ದರ ಮಾತ್ರ. ಆ ದರ ಸಂಬಳವಲ್ಲವೆಂಬುದನ್ನು ಯಾರೂ ಬಿಡಿಸಿ ಹೇಳದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದ ಆರ್‌ವಿಗಳಲ್ಲಿ ಶೇ 80ಕ್ಕೂ ಹೆಚ್ಚು ತಯಾರಾಗುವುದು ಇಂಡಿಯಾನಾ ರಾಜ್ಯದಲ್ಲಿ, ಅದರಲ್ಲೂ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ. ಅಲ್ಲಿಂದ ದೇಶದ ಮೂಲೆಮೂಲೆಗೆ ಅವುಗಳನ್ನು ಒಯ್ಯುವವರಲ್ಲಿ ಬಹುಪಾಲು ಜನ ಯಾವ ಕಂಪನಿಯ ನೌಕರರೂ ಅಲ್ಲ. ಸಾಗಣೆ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡ ಸ್ವತಂತ್ರ ಗುತ್ತಿಗೆದಾರರು. ಎಂಜಿನ್ ಇರುವ ಮೋಟರ್‌ಹೋಮನ್ನು ಚಾಲಕನೇ ಓಡಿಸಿಕೊಂಡು ಹೋಗಿ ಒಪ್ಪಿಸಿ, ಬಸ್ಸಿನಲ್ಲೋ ವಿಮಾನದಲ್ಲೋ ಸಾಮಾನ್ಯವಾಗಿ ತನ್ನ ಖರ್ಚಿನಲ್ಲೇ ಮರಳುತ್ತಾನೆ. ಎಂಜಿನ್ ಇಲ್ಲದ ಟ್ರೇಲರ್ ಆದರೆ ಅದನ್ನು ತನ್ನ ಪಿಕಪ್ಪಿಗೆ ಕೊಂಡಿ ಹಾಕಿ ಎಳೆದುಕೊಂಡು ಹೋಗುತ್ತಾನೆ.

ನಮ್ಮ ಕಡೆಯ ಲಾರಿ ಮಾಲೀಕರಿಗೆ ರಿಟರ್ನ್ ಲೋಡಿನ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ವೃತ್ತಿಯಲ್ಲಿ ರಿಟರ್ನ್ ಲೋಡು ಸಿಗುವುದೇ ಅಪರೂಪ, ಏಕೆಂದರೆ ಸರಕೆಲ್ಲ ಹುಟ್ಟುವುದು ಒಂದೇ ಊರಿನಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಲ್ಕ್‌ಹಾರ್ಟಿನಿಂದ ಡೆನ್ವರಿಗೆ ಸಾವಿರ ಮೈಲಿಗಿಂತ ಸ್ವಲ್ಪ ಹೆಚ್ಚು; ಲೆಕ್ಕಕ್ಕೆ 1,000 ಎಂದೇ ಹಿಡಿಯೋಣ. ಮೈಲಿಗೆ 2 ಡಾಲರ್ ದರವೆಂದು ಭಾವಿಸಿದರೆ ಕೈಗೆ ಬರುವುದು 2,000 ಡಾಲರ್. ಆದರೆ ಗಾಡಿ ಓಡುವುದು 2,000 ಮೈಲಿ. ಲೋಡಿದ್ದಾಗ ಗ್ಯಾಲನ್ನಿಗೆ 10 ಮೈಲಿ, ಖಾಲಿ ಬರುವಾಗ 16 ಮೈಲಿ ಕೊಟ್ಟರೂ 160 ಗ್ಯಾಲನ್ನಿಗಿಂತ ಹೆಚ್ಚು ಡೀಸೆಲ್ ಬೇಕು, ಗ್ಯಾಲನ್ನಿಗೆ 3.75 ಡಾಲರ್ ಎಂದು ಹಿಡಿದರೆ ಅದಕ್ಕೇ 600 ಡಾಲರ್ ದಾಟುತ್ತದೆ. ಬಹಳಷ್ಟು ಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸಿ, ಉಳಿದ 1,400 ಡಾಲರನ್ನು ತಮ್ಮ ದುಡಿಮೆಯೆಂದು ತಿಳಿಯುತ್ತಾರೆ.

ಟೈರು, ಬ್ರೇಕು, ಆಯಿಲ್, ವಿಮೆ, ಗಾಡಿಯ ಬೆಲೆ ದಿನದಿಂದ ದಿನಕ್ಕೆ ಇಳಿಯುವುದು, ಇವೆಲ್ಲದರ ಖರ್ಚು ಆ 1,400 ಡಾಲರಿನಿಂದಲೇ ಹೋಗಬೇಕು. ಸಾಧಾರಣ ಕಾರು ಅಥವಾ ಪಿಕಪ್ಪನ್ನು ವ್ಯವಹಾರಕ್ಕೆ ಬಳಸಿದರೆ ಇಂಧನವೂ ಸೇರಿದಂತೆ ಮೈಲಿಗೆ 70 ಸೆಂಟ್ ವೆಚ್ಚವೆಂದು ಅಮೆರಿಕದ ತೆರಿಗೆ ಇಲಾಖೆಯೇ 2025ನೇ ಸಾಲಿಗೆ ನಿಗದಿಪಡಿಸಿತ್ತು. ಆ ಅಳತೆಯಲ್ಲಿ 2,000 ಮೈಲಿಗೆ 1,400 ಡಾಲರ್ ವೆಚ್ಚ; ಉಳಿಯುವುದು 600 ಡಾಲರ್. ಹೋಗಿ ಬರಲು ನಾಲ್ಕು ದಿನ ಹಿಡಿಯುತ್ತದೆ. ದಾರಿಯ ಊಟ, ಟೋಲು ಇದರಲ್ಲೇ ಆಗಬೇಕು. ನೌಕರನಾಗಿದ್ದರೆ ಸಾಮಾಜಿಕ ಭದ್ರತೆ (ಪಿಂಚಣಿ) ಮತ್ತು ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆಯ ಅರ್ಧವನ್ನು ಮಾಲೀಕ ಕಟ್ಟುತ್ತಿದ್ದ. ಗುತ್ತಿಗೆದಾರ ಶೇ 15.3ರ ಪೂರ್ತಿ ಹೊರೆಯನ್ನು ತಾನೇ ಹೊರಬೇಕು, ಆದಾಯ ತೆರಿಗೆ ಬೇರೆ. ಭಾರಿ ಟ್ರೇಲರ್ ಎಳೆಯುವ ಡೀಸೆಲ್ ಪಿಕಪ್ಪಿನ ಸವೆತ ಸಾಧಾರಣ ಕಾರಿಗಿಂತ ಹೆಚ್ಚೆಂಬುದನ್ನು ಬಲ್ಲವರಿಗೆ ಈ ಲೆಕ್ಕವೂ ಉದಾರವಾಗಿಯೇ ಕಾಣುತ್ತದೆ.

ದರಪಟ್ಟಿಯಲ್ಲಿ ಕಾಣದ ಇನ್ನೂ ಕೆಲವು ನಷ್ಟಗಳಿವೆ. ವಯೋಮಿಂಗ್ ರಾಜ್ಯದ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ, ವಿಶೇಷವಾಗಿ ಲ್ಯಾರಮಿ ಮತ್ತು ರಾಲಿನ್ಸ್ ನಡುವೆ, ಚಳಿಗಾಲದ ಗಾಳಿ ಎಂಥದ್ದೆಂದರೆ, ಎತ್ತರವಾಗಿದ್ದೂ ತೂಕ ಕಡಿಮೆಯಿರುವ ಗಾಡಿಗಳಿಗೆ ರಸ್ತೆಯನ್ನೇ ಮುಚ್ಚುತ್ತಾರೆ. ಒಳಗೆ ಸಾಮಾನೇನೂ ಇಲ್ಲದ ಹೊಸ ಟ್ರೇಲರ್ ಅಂಥದ್ದೇ ಗಾಡಿ. ಗಾಳಿ ಇಳಿಯುವವರೆಗೆ ಟ್ರಕ್ ತಂಗುದಾಣದಲ್ಲಿ ಕಾಯಬೇಕು. ಆ ಕಾಯುವಿಕೆಗೆ ಯಾರೂ ಹಣ ಕೊಡುವುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಗಾಡಿ ಪಡೆಯುವಾಗಲೇ ಇದ್ದ ಗೀರು, ಬಿರುಕುಗಳನ್ನು ಫೋಟೊ ತೆಗೆದು ದಾಖಲಿಸದಿದ್ದರೆ, ಡೀಲರ್ ಎತ್ತುವ ಆಕ್ಷೇಪದ ಖರ್ಚು ಚಾಲಕನ ತಲೆಗೆ ಬರಬಹುದು. ಆರ್‌ವಿ ಸಾಗಿಸುವವರಿಗೆ ಓಡಿಸಿದ ಗಂಟೆಗಳನ್ನು ತಾನಾಗಿ ದಾಖಲಿಸುವ ಎಲೆಕ್ಟ್ರಾನಿಕ್ ಲಾಗ್ ಸಾಧನದಿಂದ ಕಾನೂನು ವಿನಾಯಿತಿ ಕೊಟ್ಟಿದ್ದು, ಕಾಗದದ ಲಾಗ್ ಪುಸ್ತಕ ಸಾಕು. ಆದರೆ ಹತ್ತು ಗಂಟೆ ವಿಶ್ರಾಂತಿಯ ಬಳಿಕ ಹನ್ನೊಂದು ಗಂಟೆ ಮಾತ್ರ ಓಡಿಸಬಹುದೆಂಬ ನಿಯಮ ಹಾಗೆಯೇ ಇದೆ. ಸಾಲದ ಕಂತು ಕುತ್ತಿಗೆಗೆ ಬಂದವನು ಆ ಪುಸ್ತಕದಲ್ಲಿ ಸುಳ್ಳು ಬರೆಯಲು ಮೊದಲಿಟ್ಟರೆ ಅದು ಅವನೊಬ್ಬನ ಪ್ರಾಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಈ ಉದ್ಯಮದ ಏರಿಳಿತವೂ ಭಯ ಹುಟ್ಟಿಸುವಂಥದ್ದು. ಕೊರೊನಾ ಕಾಲದಲ್ಲಿ ಜನ ವಿಮಾನ, ಹೋಟೆಲುಗಳನ್ನು ಬಿಟ್ಟು ಆರ್‌ವಿ ಕೊಳ್ಳತೊಡಗಿದ್ದರಿಂದ 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಗಾಡಿಗಳ ಸಂಖ್ಯೆ 6 ಲಕ್ಷ ದಾಟಿತ್ತು. 2023ರಲ್ಲಿ ಅದು ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಗಾಡಿಗಳು ಅರ್ಧದಷ್ಟಾದಾಗ ಲೋಡುಗಳೂ ಅರ್ಧದಷ್ಟಾಗುತ್ತವೆ, ಕಂತು ಮಾತ್ರ ಅಷ್ಟೇ ಇರುತ್ತದೆ. 2009ರ ಹಿಂಜರಿತದಲ್ಲಿ ಎಲ್ಕ್‌ಹಾರ್ಟಿನ ನಿರುದ್ಯೋಗ ಶೇ 20ರ ಹತ್ತಿರ ಹೋಗಿತ್ತು. ಸಾಲವಿಲ್ಲದ ಗಾಡಿ, ಆರೋಗ್ಯ ವಿಮೆಗೆ ಬೇರೆ ದಾರಿ ಮತ್ತು ಕೆಲ ತಿಂಗಳು ಲೋಡಿಲ್ಲದೆಯೂ ಬದುಕುವಷ್ಟು ಉಳಿತಾಯ ಇರುವವರಿಗೆ ಇದು ಮರ್ಯಾದೆಯ ಜೀವನವೇ ಹೌದು. ಈ ಕೆಲಸದ ಬಗ್ಗೆ ನನಗೆ ಅಭಿಮಾನವಿದೆ, ಹಾಗಾಗಿಯೇ ಅದರ ಹೆಸರಿನಲ್ಲಿ ಯಾರೂ ಮೋಸಹೋಗಬಾರದೆಂಬ ಕಳಕಳಿಯೂ ಇದೆ.

ಕರ್ನಾಟಕದಲ್ಲಿರುವವರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದಿದೆ. ಹೊರದೇಶದ ಚಾಲಕನಿಗೆ ಉದ್ಯೋಗ ವೀಸಾ ಸಿಗಬೇಕಾದರೆ ಅವನಿಗಾಗಿ ಅರ್ಜಿ ಹಾಕುವ ಮಾಲೀಕನೊಬ್ಬ ಇರಬೇಕು. ಸ್ವತಂತ್ರ ಗುತ್ತಿಗೆದಾರನಿಗೆ ಮಾಲೀಕನೇ ಇಲ್ಲ. ಆದ್ದರಿಂದ ಈ ಕೆಲಸಕ್ಕೆ ವೀಸಾ ಮಾಡಿಸಿಕೊಡುತ್ತೇನೆಂದು ಮುಂಗಡ ಕೇಳುವ ಏಜೆಂಟನ ಮಾತನ್ನು ಯಾವ ಕಾರಣಕ್ಕೂ ನಂಬಬಾರದು. ಈಗಾಗಲೇ ಅಮೆರಿಕದಲ್ಲಿರುವ ವಿದ್ಯಾರ್ಥಿಗಳು ಮತ್ತು ಎಚ್-1ಬಿ ವೀಸಾದವರು ಬಿಡುವಿನ ವೇಳೆಯಲ್ಲೂ ಇದನ್ನು ಮಾಡುವಂತಿಲ್ಲ. ಮಾಡಿದರೆ ವೀಸಾಗೇ ಕುತ್ತು. ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಕೆಲಸದ ಪರವಾನಗಿ ಪಡೆದ ಎಚ್-4 ವೀಸಾದವರಿಗೆ, ಅಂದರೆ ಎಚ್-1ಬಿ ನೌಕರರ ಸಂಗಾತಿಗಳಿಗೆ, ವೀಸಾ ನಿಯಮದ ಅಡ್ಡಿಯಿಲ್ಲ.

ಅಮೆರಿಕದ ಕನ್ನಡ ಕೂಟಗಳು ತೆರಿಗೆ ಬಲ್ಲವರನ್ನು ಕರೆಸಿ ಈ ವೃತ್ತಿಗೆ ಇಳಿಯುವ ಕುಟುಂಬಗಳಿಗೆ ಈ ಲೆಕ್ಕವನ್ನು ವಿವರಿಸುವ ವ್ಯವಸ್ಥೆ ಮಾಡಬೇಕೆಂದೂ, ವಿದೇಶಿ ಚಾಲಕ ವೃತ್ತಿಯ ಜಾಹೀರಾತು ಪ್ರಕಟಿಸುವ ಪತ್ರಿಕೆಗಳು ಮೈಲಿಯ ದರ ಹೋಗುವ ದಾರಿಗೆ ಮಾತ್ರವೋ, ಬರುವ ದಾರಿಗೂ ಅನ್ವಯಿಸುತ್ತದೆಯೋ ಎಂಬುದನ್ನು ಜಾಹೀರಾತುದಾರರಿಂದ ಬರೆಸಿಕೊಳ್ಳಬೇಕೆಂದೂ ಕೋರುತ್ತೇನೆ. ಒಪ್ಪಂದಕ್ಕೆ ಸಹಿ ಹಾಕುವವರು ಚಳಿಗಾಲದ ತಿಂಗಳುಗಳಲ್ಲಿ ಹಳೆಯ ಚಾಲಕರಿಗೆ ಎಷ್ಟು ಲೋಡು ಸಿಕ್ಕಿದೆ, ಅಪಘಾತವಾದರೆ ಯಾವ ವಿಮೆ ಯಾರನ್ನು ಕಾಯುತ್ತದೆ, ಗಾಡಿಗೆ ಹಾನಿಯಾದರೆ ಚಾಲಕ ಎಷ್ಟರವರೆಗೆ ತೆರಬೇಕು ಎಂಬುದನ್ನು ಬರಹದಲ್ಲಿ ಪಡೆದ ನಂತರವೇ ಪಿಕಪ್ ಸಾಲಕ್ಕೆ ಅರ್ಜಿ ಹಾಕಲಿ.

ಇತಿ,
ಹಾಸನ ಮೂಲದ ಓದುಗ,
ಸೌತ್ ಬೆಂಡ್, ಇಂಡಿಯಾನಾ