ಸವೆದ ಬೆರಳಿಗೆ ಪಿಂಚಣಿ ಇಲ್ಲವೇ?

ಮಾನ್ಯ ಸಂಪಾದಕರೇ,

ಆಧಾರ್ ಟೋಕನ್‌ಗಾಗಿ ನಮ್ಮ ನಾಡಕಚೇರಿ ಮುಂದೆ ಕಾದು ಕೂತ ವೃದ್ಧರ ಫೋಟೊ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ. ‘ಸಣ್ಣ ತಾಂತ್ರಿಕ ತೊಂದರೆ’ ಎಂದು ಅಧಿಕಾರಿಗಳು ಹೇಳಿದ್ದಾರೆ. ಪಕ್ಕದ ಮನೆ ಅಜ್ಜಿಯನ್ನು ಕರೆದುಕೊಂಡು ಹೋಗಿ ಆ ಸಾಲಿನಲ್ಲಿ ನಾನೂ ನಿಂತಿದ್ದೆ. ಸಣ್ಣ ತೊಂದರೆ ಯಾರಿಗೆ ಸ್ವಾಮಿ?

ಅಜ್ಜಿಯ ಮಗ ದೂರದ ಊರಿನಲ್ಲಿದ್ದಾನೆ. ಅಡುಗೆ, ಬಟ್ಟೆ, ನೀರು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ಬರುವ 1,200 ರೂಪಾಯಿಯಲ್ಲೇ ಬಿಪಿ ಮಾತ್ರೆ, ಹಾಲು, ಕರೆಂಟು ಬಿಲ್ಲು. ಗೌರಿ ಹಬ್ಬದಿಂದ ಅದು ನಿಂತಿದೆ. ನಾಡಕಚೇರಿಯಲ್ಲಿ ಕೇಳಿದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಎಂದರು. ಬ್ಯಾಂಕಿನವರು ಹೆಬ್ಬೆಟ್ಟು ಹೊಂದುತ್ತಿಲ್ಲ, ಆಧಾರ್ ಸರಿ ಮಾಡಿಸಿಕೊಂಡು ಬನ್ನಿ ಎಂದರು. ಆಧಾರ್ ಕೌಂಟರ್ ಇರುವುದು ಮತ್ತೆ ಅದೇ ನಾಡಕಚೇರಿಯಲ್ಲಿ!

ಬೆಳಿಗ್ಗೆ ಬೇಗ ಹೋಗದಿದ್ದರೆ ಟೋಕನ್ ಸಿಗಲ್ಲ. ಆಟೊದವನಿಗೆ ಹೋಗಿ ಬರುವ ಬಾಡಿಗೆ, ಅವನು ಕಾದದ್ದಕ್ಕೆ ಬೇರೆ. ಕೂರಲು ಒಂದು ಬೆಂಚಿಲ್ಲ. ಶೌಚಾಲಯಕ್ಕೆ ಬೀಗ. ಅದಕ್ಕೇ ಅಜ್ಜಿ ನೀರೂ ಕುಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ಮಷಿನ್ ಮೇಲೆ ಬೆರಳು ಒತ್ತಿಸಿದ್ದೇ ಒತ್ತಿಸಿದ್ದು, ಬರಲಿಲ್ಲ. ‘ಕೈ ಚೆನ್ನಾಗಿ ತೊಳ್ಕೊಂಡು ಬನ್ನಿ’ ಎಂದು ಕೌಂಟರಿನ ಹುಡುಗ ಗದರಿದ. ಪ್ರಾಯದಿಂದ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಕೈ ಅದು. ಚೊಗರು ಹಿಡಿದು, ಗೆರೆ ಸವೆದು ಹೋಗಿದೆ. ಸೋಪಿನಲ್ಲಿ ತೊಳೆದರೆ ಗೆರೆ ವಾಪಸ್ ಬರುತ್ತದೆಯೇ?

ಅಂಚೆ ಇಲಾಖೆಯಿಂದ ನಿವೃತ್ತರಾದ ನಮ್ಮ ಭಾವ ನವೆಂಬರ್ ಬಂದರೆ ಮನೆಯಲ್ಲೇ ಮೊಬೈಲ್‌ಗೆ ಮುಖ ತೋರಿಸಿ, ಪಿಂಚಣಿಗೆ ಬೇಕಾದ ಜೀವನ ಪ್ರಮಾಣಪತ್ರ (ಬದುಕಿದ್ದೇವೆ ಎಂಬ ದಾಖಲೆ) ಕೊಟ್ಟು ಮುಗಿಸುತ್ತಾರೆ. 2021ರಿಂದ ಅವರಿಗೆ ಆ ಸೌಲಭ್ಯ ಇದೆ. ಕೂಲಿ ಮಾಡಿ ಬದುಕಿದವರಿಗೆ ಮಾತ್ರ ಬಿಸಿಲಲ್ಲಿ ಸಾಲು. ಹಿಂದೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು ಹಣ ಎಣಿಸಿ ಕೊಟ್ಟು, ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ಒಂಟಿ ಮುದುಕರಿಗೆ ಅದೂ ಒಂದು ಆಸರೆ ಅಲ್ವಾ?

2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು ಎಂದಿದೆ. ಕಚೇರಿಗಳಲ್ಲಿ ಯಾಕೆ ಬೇಡ? ಗ್ರಾಮ ಲೆಕ್ಕಿಗರ ಹೆಸರನ್ನು ಗ್ರಾಮ ಆಡಳಿತ ಅಧಿಕಾರಿ ಎಂದು ಬದಲಿಸಿದರು. ಹೆಸರು ಬದಲಾಯಿತು, ನಮ್ಮ ಕೇರಿಗೆ ಅವರು ಬಂದದ್ದು ನಾನು ಕಂಡಿಲ್ಲ. ಕೇರಿ ಚರಂಡಿಯ ಚಪ್ಪಡಿ ಮುರಿದು ವರ್ಷಗಳೇ ಆದವು. ಅರ್ಜಿ ಕೊಟ್ಟೆವು, ಸದಸ್ಯರಿಗೆ ಹೇಳಿದೆವು. ಕತ್ತಲಾದ ಮೇಲೆ ವಯಸ್ಸಾದವರು ಹೊರಗೆ ಕಾಲಿಡುವ ಹಾಗಿಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನೂ 2020ರಲ್ಲಿ ತೆಗೆದರು. ಇವರಿಗೆಲ್ಲ ಮನೆಯಲ್ಲಿ ಅಪ್ಪ ಅಮ್ಮ ಇಲ್ಲವೇ?

ನಡೆಯಲಾಗದವರ ಮನೆಗೇ ಮಷಿನ್ ತಂದು ಕೆಲಸ ಮುಗಿಸಲಿ. ಇಲ್ಲವೇ ಹೆಬ್ಬೆಟ್ಟನ್ನೇ ಬಿಟ್ಟು ಕಣ್ಣೋ ಮುಖವೋ ನೋಡಿ, ನಿಂತ ಹಣವನ್ನು ಪೂರ್ತಿ ಕೊಡಲಿ. ಚಪ್ಪಡಿಯನ್ನೂ ಹಾಕಿಸಲಿ. ಪ್ರಚಾರದ ಹೊತ್ತಿಗೆ ಅಜ್ಜಿಯ ಕಾಲಿಗೆ ಬಿದ್ದು ಫೋಟೊ ತೆಗೆಸಿಕೊಂಡವರು ಈಗ ಎಲ್ಲಿದ್ದಾರೆ? ಸಂಬಂಧಪಟ್ಟವರಿಗೆ ಸ್ವಲ್ಪವಾದರೂ ನಾಚಿಕೆಯಾಗಬೇಕು.

– ನೊಂದ ಓದುಗ